ಪರಿಸರ ಮತ್ತು ಜನಾರೋಗ್ಯ: ಸಂಶೋಧಕರಾಗುವ ದಾರಿ

ಸಾರ್ವಜನಿಕ ಆರೋಗ್ಯವನ್ನೂ ಪರಿಸರದ ಸುಸ್ಥಿರತೆಯನ್ನೂ ಒಟ್ಟಿಗೆ ಅಧ್ಯಯನ ಮಾಡುವ ವಿಜ್ಞಾನಿಯಾಗಲು ವೈದ್ಯಕೀಯ ಪದವಿಯೇ ಬೇಕೆಂದಿಲ್ಲ. ಜೀವವಿಜ್ಞಾನ ಓದಿದವರು ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯನ್ನು, ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರು ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಪರಿಸರ ಎಂಜಿನಿಯರಿಂಗನ್ನು ಆರಿಸಿಕೊಳ್ಳಬಹುದು. ಯಾವುದಾದರೂ ಸರಿ, ಸಂಖ್ಯಾಶಾಸ್ತ್ರ ಕಲಿಯದೆ ಮುಂದುವರಿಯಬಾರದು.

ಮೊದಲ ಸಂಶೋಧನಾ ವಿಷಯ ಮನೆಯ ಹತ್ತಿರದ್ದೇ ಆಗಿರಲಿ. ಮಂಗಳೂರಿನ ಮಲೇರಿಯಾವನ್ನೇ ತೆಗೆದುಕೊಳ್ಳಿ. ನಗರದಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಕೊಳಚೆಗಿಂತ ಹೆಚ್ಚಾಗಿ ತಿಳಿನೀರಿನಲ್ಲಿ, ಅಂದರೆ ಬಾವಿಯಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ, ಸ್ಲ್ಯಾಬ್ ಕ್ಯೂರಿಂಗಿಗೆಂದು ಕಟ್ಟಿ ನಿಲ್ಲಿಸಿದ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಸೌಟಿನಂಥ ಬಿಳಿ ಡಿಪ್ಪರಿನಲ್ಲಿ ಆ ನೀರನ್ನು ಮೆಲ್ಲಗೆ ಮೊಗೆದು ನೋಡಬೇಕು: ಮರಿಗಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಅವು ಅನಾಫಿಲಿಸ್, ತಲೆ ಕೆಳಗಾಗಿ ತೂಗುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಈಡಿಸ್ ಎಂಬ ಬೇರೆ ಸೊಳ್ಳೆಗಳವು. ಪ್ರತಿ ಸ್ಥಳದ ಎಣಿಕೆಯನ್ನೂ ಮಳೆಯ ಪ್ರಮಾಣವನ್ನೂ ಬರೆದಿಟ್ಟು, ಆ ವಾರ್ಡಿನ ಮಲೇರಿಯಾ ಪ್ರಕರಣಗಳೊಂದಿಗೆ ವಾರವಾರವೂ ಹೋಲಿಸುತ್ತ ಹೋದರೆ ಸಂಶೋಧನೆಯ ಪ್ರಶ್ನೆ ತಾನಾಗಿ ರೂಪುಗೊಳ್ಳುತ್ತದೆ. ರೋಗಿಗಳ ಮಾಹಿತಿಯನ್ನು ಬಳಸುವ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆಯಲೇಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಅರ್ಜಿಯನ್ನು ಮಳೆಗಾಲಕ್ಕೆ ಸಾಕಷ್ಟು ಮುಂಚೆಯೇ ಸಲ್ಲಿಸುವುದು ಜಾಣತನ.

ಸೊಳ್ಳೆಯಲ್ಲಿ ಆಸಕ್ತಿಯಿಲ್ಲದವರಿಗೆ ತ್ಯಾಜ್ಯವಿದೆ. 2019ರ ಆಗಸ್ಟಿನಲ್ಲಿ ಮಂಗಳೂರು ನಗರದ ಕಸ ಸುರಿಯುವ ಪಚ್ಚನಾಡಿಯಲ್ಲಿ ಕಸದ ರಾಶಿ ಜರಿದು ಪಕ್ಕದ ಮಂದಾರದ ಮನೆ, ತೋಟಗಳನ್ನು ಆವರಿಸಿತು. ಇಂಥ ಕಡೆ ಕಸದಿಂದ ಇಳಿಯುವ ದ್ರವ ಬಾವಿನೀರನ್ನು ಹೇಗೆ ಬದಲಿಸುತ್ತದೆಂಬುದನ್ನು ಬೇಸಿಗೆ, ಮಳೆಗಾಲ ಎರಡರಲ್ಲೂ ಅಳೆಯಬೇಕು.

ಕ್ಷೇತ್ರಕಾರ್ಯಕ್ಕೆ ತುಳು, ಬ್ಯಾರಿ ಬಲ್ಲವರು ಜೊತೆಗಿರಲಿ. ಪ್ರಶ್ನಾವಳಿ ಎಷ್ಟೇ ಚೆನ್ನಾಗಿದ್ದರೂ, ಮನೆಯವರು ತಮ್ಮ ಬಾವಿಯ ವಿಚಾರವನ್ನು ಮನಬಿಚ್ಚಿ ಹೇಳುವುದು ತಮ್ಮ ಮಾತಿನಲ್ಲೇ.