ಹೊಳೆ ದಂಡೆಗೆ ಕ್ಯಾನಿನಲ್ಲಿ ಡೀಸೆಲ್, ಪೆಟ್ರೋಲ್: ತರುವುದು ಹೇಗೆ, ಸುರಿಯುವುದು ಹೇಗೆ?

ಬಂಕು ಊರಲ್ಲಿ, ಇಂಜಿನ್ನು ಹೊಳೆಯಲ್ಲಿ. ಆನೆಗೊಂದಿಯಿಂದ ನವವೃಂದಾವನ ಗಡ್ಡೆಗೆ ಭಕ್ತರನ್ನು ದಾಟಿಸುವ ಮೋಟಾರು ದೋಣಿ ಇರಲಿ, ಮುನಿರಾಬಾದಿನ ಹಿನ್ನೀರಿಗೆ ಇಳಿಯುವ ದೋಣಿ ಇರಲಿ, ಕಂಪ್ಲಿ-ಸಿರುಗುಪ್ಪ ದಂಡೆಯಲ್ಲಿ ಭತ್ತಕ್ಕೆ ನೀರೆತ್ತುವ ಡೀಸೆಲ್ ಇಂಜಿನ್ ಇರಲಿ, ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಯ ಪಂಪ್‌ಸೆಟ್ ಇರಲಿ, ಯಾವುದನ್ನೂ ಬಂಕಿಗೆ ಹೊಡೆದುಕೊಂಡು ಹೋಗಲಾಗದು. ಕ್ಯಾನ್ ಹಿಡಿದು ನಾವೇ ಹೋಗಬೇಕು. ಈ ಕೆಲಸದಲ್ಲಿ ಜನ ರೇಟು, ಅಳತೆ ನೋಡುವುದರಲ್ಲಿ ಬಲು ಜಾಣರು. ಆಮೇಲೆ ದಂಡೆಗೆ ಬಂದು, ಅಲುಗಾಡುವ ದೋಣಿಯಲ್ಲಿ ನಿಂತು, ಬೀಡಿ ಕಚ್ಚಿಕೊಂಡೇ ಕ್ಯಾನ್ ಬಗ್ಗಿಸುತ್ತಾರೆ. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

1. ಮೊದಲು ಕ್ಯಾನ್

ಕಾನೂನಿನ ಕಣ್ಣಿಗೆ ಪೆಟ್ರೋಲ್ ಬೇರೆ, ಡೀಸೆಲ್ ಬೇರೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಒಟ್ಟು 30 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು, ಸಾಗಿಸಬಹುದು. ಆದರೆ ಅದು ಬಿಗಿ ಮುಚ್ಚಳದ ಲೋಹದ ಪಾತ್ರೆಯಲ್ಲಿರಬೇಕು, ಒಂದೊಂದು ಪಾತ್ರೆ 25 ಲೀಟರ್ ಮೀರಬಾರದು. ಗಾಜು, ಪಿಂಗಾಣಿಯ ಪಾತ್ರೆಯಾದರೆ ಒಂದೇ ಲೀಟರ್. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ. ಬಂಕಿನ ಹುಡುಗ ನೀರಿನ ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದರೆ ಅವನ ಮೇಲೆ ಹರಿಹಾಯಬೇಡಿ. ಡೀಸೆಲ್ ವಿಷಯದಲ್ಲಿ ಕಾಯ್ದೆ ಬಹಳ ಸಡಿಲ; 2500 ಲೀಟರ್‌ವರೆಗೆ ಪರವಾನಗಿ ಬೇಡ.

ಆದ್ದರಿಂದ ಪೆಟ್ರೋಲಿಗೆ 20 ಲೀಟರಿನ ಉಕ್ಕಿನ ಜೆರ್ರಿ ಕ್ಯಾನ್, ಡೀಸೆಲ್‌ಗೆ ದಪ್ಪ ಗೋಡೆಯ ಕ್ಯಾನ್. ಎರಡಕ್ಕೂ ಬೇರೆ ಬೇರೆ ಬಣ್ಣ ಇರಲಿ. ಕತ್ತಲಲ್ಲಿ ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೆ ಇಂಜಿನ್ನಿನ ಇಂಧನ ಪಂಪು, ಡೀಸೆಲ್ ಚಿಮ್ಮಿಸುವ ನಾಜಲ್ಲು ಎರಡಕ್ಕೂ ಖರ್ಚು ಕಾದಿದೆ.

ತರಬಾರದ ಸಾಮಾನುಗಳ ಪಟ್ಟಿಯೂ ಉಂಟು. ನೀಲಿಬಣ್ಣದ ನೀರಿನ ಕ್ಯಾನ್: ಬಿಸಿಲಿಗೆ ಸೀಳುತ್ತದೆ, ಮುಚ್ಚಳ ನಿಲ್ಲುವುದಿಲ್ಲ. ಅಡುಗೆ ಎಣ್ಣೆಯ ತಗಡಿನ ಡಬ್ಬಿ: ಮೂಲೆಯ ಬೆಸುಗೆ ಎರಡು ಸಲ ಕುಕ್ಕಿದರೆ ಬಿಡುತ್ತದೆ. ಕ್ರಿಮಿನಾಶಕದ ಖಾಲಿ ಕ್ಯಾನ್: ರಾಯಚೂರಿನ ಹತ್ತಿ, ಭತ್ತದ ಸೀಮೆಯಲ್ಲಿ ಇದು ಪುಕ್ಕಟೆ ಸಿಗುತ್ತದೆ, ಅದಕ್ಕೇ ಎಲ್ಲರ ಕೈಯಲ್ಲೂ ಇರುತ್ತದೆ; ಒಳಗಿನ ಉಳಿಕೆ ಇಂಜಿನ್ನಿಗೂ ಕೇಡು, ಕೈಗೂ ಕೇಡು. ಜಿಂಕ್ ಲೇಪದ ತಗಡಿನ ಪಾತ್ರೆ: ಡೀಸೆಲ್ ಅದರ ಸತುವಿನೊಂದಿಗೆ ಸೇರಿ ಸೋಪಿನಂಥ ಜಿಡ್ಡಾಗುತ್ತದೆ, ಫಿಲ್ಟರ್ ಕಟ್ಟುತ್ತದೆ. ಮುಚ್ಚಳದ ರಬ್ಬರ್ ವಾಷರ್ ಹೋದಾಗ ಪಾಲಿಥಿನ್ ಹಾಳೆ ಇಟ್ಟು ತಿರುಗಿಸುವುದು ನಮ್ಮಲ್ಲಿ ರೂಢಿ. ಆ ಹಾಳೆಯ ಚೂರುಗಳೇ ಮುಂದೆ ಟ್ಯಾಂಕಿನಲ್ಲಿ ಸಿಗುತ್ತವೆ. ಹೊಸ ವಾಷರ್ ಕೊಳ್ಳಿ.

2. ಎಷ್ಟು ತರಬೇಕು

10 ಎಚ್‌ಪಿಯ ದೋಣಿ ಮೋಟಾರು ಪೂರ್ತಿ ವೇಗದಲ್ಲಿ ಗಂಟೆಗೆ ಮೂರರಿಂದ ನಾಲ್ಕು ಲೀಟರ್ ಕುಡಿಯುತ್ತದೆ. ಹಳೆಯ ಟು-ಸ್ಟ್ರೋಕ್ ಆದರೆ ಅದಕ್ಕೂ ಹೆಚ್ಚು. 5 ಎಚ್‌ಪಿಯ ಡೀಸೆಲ್ ಪಂಪ್‌ಸೆಟ್ಟಿಗೆ ಗಂಟೆಗೆ ಲೀಟರ್ ಆಸುಪಾಸು. ದೋಣಿಯಾದರೆ ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು. ಮಳೆಗಾಲದಲ್ಲಿ ಹರಿವಿನ ಎದುರು ಬರಬೇಕಾದಾಗ ಆ ಮೂರನೇ ಪಾಲೇ ದಡ ಕಾಣಿಸುತ್ತದೆ. ಕಂಪ್ಲಿ ಸೇತುವೆಯೋ ಶೀಲಹಳ್ಳಿ ಸೇತುವೆಯೋ ಮುಳುಗುವ ಸುದ್ದಿ ಬಂದ ಮೇಲೆ ಬಂಕಿಗೆ ಓಡುವುದಲ್ಲ, ಅದಕ್ಕೆ ಮುಂಚೆ ಹೋಗಿಬನ್ನಿ.

3. ಬಂಕಿನಲ್ಲಿ

ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲೆ ಇಡಿ. ಬೈಕಿನ ಸೀಟಿನ ಮೇಲಲ್ಲ, ಟಂಟಂ ಒಳಗಲ್ಲ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಸಿದ ತಾಡಪತ್ರಿಯ ಮೇಲಂತೂ ಅಲ್ಲವೇ ಅಲ್ಲ. ಪೈಪಿನಲ್ಲಿ ಹರಿಯುವಾಗ ಇಂಧನಕ್ಕೆ ಸ್ಥಾಯಿ ವಿದ್ಯುತ್ ಹತ್ತುತ್ತದೆ. ಲೋಹದ ಕ್ಯಾನ್ ನೆಲದಲ್ಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ, ರಬ್ಬರು-ಪ್ಲಾಸ್ಟಿಕ್ಕಿನ ಮೇಲಿದ್ದರೆ ಅಲ್ಲೇ ಕೂತು ಕಿಡಿಯಾಗಲು ಕಾಯುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಒಣ ಬಿಸಿಲಿನಲ್ಲಿ ಈ ಕಾಟ ಹೆಚ್ಚು. ಬಂಕಿನಲ್ಲಿ ಮೊಬೈಲ್ ಕಂಡರೆ ಗದರುವವರು ಇದನ್ನು ಮಾತ್ರ ಗಮನಿಸುವುದಿಲ್ಲ.

"ಇರಲಿ ಬಿಡ್ರಿ ಯಜಮಾನ್ರ, ಗಾಡಿ ಮ್ಯಾಲೇ ಹಾಕ್ತೀನಿ" ಎನ್ನುತ್ತಾರೆ. "ಬ್ಯಾಡಪ್ಪಾ, ಕೆಳಗ ಇಟ್ಟೀನಿ, ಸಾವಕಾಶ ಹಾಕು" ಎನ್ನಿ. ಬಂಕಿನ ಪೈಪಿನ ನಾಜಲ್ ಕ್ಯಾನಿನ ಬಾಯಂಚಿಗೆ ತಾಗಿಕೊಂಡೇ ಇರಬೇಕು. ಟ್ರಿಗರಿಗೆ ಮುಚ್ಚಳ ಸಿಕ್ಕಿಸಿ ಕೈಬಿಡುವುದು ಬೇಡ.

ಕಂಠಪೂರ್ತಿ ತುಂಬಿಸಬೇಡಿ. 20 ಲೀಟರಿನ ಕ್ಯಾನಿಗೆ 19 ಸಾಕು. ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿದ 20 ಲೀಟರ್ ಪೆಟ್ರೋಲ್ ಮಧ್ಯಾಹ್ನ 45 ಡಿಗ್ರಿಗೆ ಬಂದರೆ ಸುಮಾರು 400 ಮಿಲಿಲೀಟರ್ ಉಬ್ಬುತ್ತದೆ. ಆವಿಯ ಒತ್ತಡ ಬೇರೆ. ಅದಕ್ಕೆ ಜಾಗ ಇಲ್ಲದಿದ್ದರೆ ಮುಚ್ಚಳದ ಸಂದಿಯಿಂದ ದಾರಿ ಹುಡುಕುತ್ತದೆ.

ಅಳತೆಯ ಜಗಳಕ್ಕೊಂದು ಮಾತು. ಅನೇಕ ಕ್ಯಾನ್‌ಗಳು ಅಂಚಿನವರೆಗೆ ತುಂಬಿದರೆ ಮೇಲೆ ಬರೆದದ್ದಕ್ಕಿಂತ ಹೆಚ್ಚು ಹಿಡಿಯುತ್ತವೆ. "ಇಪ್ಪತ್ತು ಹಾಕ್ಸಿದ್ರೂ ತುಂಬಲಿಲ್ಲ" ಎಂದು ಕೂಗುವ ಮೊದಲು ಇದು ನೆನಪಿರಲಿ. ಅನುಮಾನ ಇದ್ದರೆ ಮುದ್ರೆ ಬಿದ್ದ 5 ಲೀಟರಿನ ಅಳತೆಪಾತ್ರೆ ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಲೇಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಪೆಟ್ರೋಲಿನ ಶುದ್ಧತೆ ನೋಡಲು ಫಿಲ್ಟರ್ ಪೇಪರನ್ನೂ ಪುಕ್ಕಟೆ ಕೊಡಬೇಕು: ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಪ್ಪು ಕಲೆ ಉಳಿಸದೆ ಆರಬೇಕು.

ಕೌಂಟರಿನಲ್ಲಿ ಮೈಲೇಜು ಹೆಚ್ಚಿಸುವ ಪುಟ್ಟ ಬಾಟಲಿಗಳನ್ನು ಮುಂದೆ ಹಿಡಿಯುತ್ತಾರೆ. ಆ ದುಡ್ಡಿಗೆ ಒಳ್ಳೆಯ ಲಾಳಿಕೆ ಬರುತ್ತದೆ.

4. ದಾರಿ

ಕ್ಯಾನ್ ನೆಟ್ಟಗೆ, ಹಗ್ಗ ಬಿಗಿದು, ನೆರಳಲ್ಲಿ. ಬೈಕಿನಲ್ಲಿ ಮೊಣಕಾಲ ನಡುವೆ, ಸೈಲೆನ್ಸರ್ ಪಕ್ಕ ಬೇಡ. ಬಸ್ಸಿಗೆ ಹತ್ತಿಸಬೇಡಿ. 20 ಲೀಟರ್ ಪೆಟ್ರೋಲ್ ಸುಮಾರು 15 ಕಿಲೋ, ಡೀಸೆಲ್ ಆದರೆ 16 ಚಿಲ್ಲರೆ; ದಂಡೆಯ ಜಾರು ಮೆಟ್ಟಿಲಲ್ಲಿ ಒಬ್ಬರು ಒಂದೇ ಕ್ಯಾನ್ ಹಿಡಿಯಲಿ.

5. ಸುರಿಯುವ ಮೊದಲು ಕೂರಲು ಬಿಡಿ

ಡೀಸೆಲ್ ತಂದ ರಾತ್ರಿ ಕ್ಯಾನನ್ನು ಅಲುಗಾಡಿಸದೆ ಇಡಿ. ನೀರು, ಕೆಸರು ತಳಕ್ಕೆ ಇಳಿಯುತ್ತವೆ. ಮರುದಿನ ಮೇಲಿನದ್ದನ್ನು ಮಾತ್ರ ಬಳಸಿ, ತಳದ ಎರಡು ಬೆರಳಷ್ಟನ್ನು ಬಿಡಿ. ಅದು ಜಿಪುಣರಿಗೆ ಸಂಕಟದ ಮಾತು, ಆದರೆ ಇಂಜಿನ್ನಿನ ನಾಜಲ್ ಬಿಚ್ಚಿಸುವ ಮಜೂರಿಗಿಂತ ಅಗ್ಗ.

ಪೆಟ್ರೋಲಿನ ಕತೆ ಬೇರೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಎಥನಾಲ್ ನೀರು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಹೋಗುತ್ತವೆ, ಇಂಜಿನ್ನಿನ ಪೈಪು ಎಳೆಯುವುದೂ ತಳದಿಂದಲೇ. ಹೊಳೆಯ ಮೇಲೆ ಮುಚ್ಚಳ ಸಡಿಲ ಬಿಟ್ಟ ಟ್ಯಾಂಕಿಗೆ ಇದೇ ಗತಿ. ಹಳೆಯ ಮೋಟಾರಿನ ರಬ್ಬರ್ ಪೈಪುಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಪೆಟ್ರೋಲನ್ನು ಕೆಲವೇ ವಾರಗಳಿಗೆ ಬೇಕಾದಷ್ಟು ಮಾತ್ರ ತನ್ನಿ.

ಟು-ಸ್ಟ್ರೋಕ್ ಮೋಟಾರಿಗೆ ಆಯಿಲ್ ಬೆರೆಸುವುದಿದ್ದರೆ ದಂಡೆಯಲ್ಲೇ ಬೆರೆಸಿ. ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಅಲ್ಲಾಡಿಸಿ, ಉಳಿದರ್ಧ ಪೆಟ್ರೋಲ್. ಕಂಪನಿ 50ಕ್ಕೆ 1 ಎಂದಿದ್ದರೆ 10 ಲೀಟರಿಗೆ 200 ಮಿಲಿಲೀಟರ್. ನೀರಿನಿಂದ ತಂಪಾಗುವ ದೋಣಿ ಮೋಟಾರಿಗೆ ಟಿಸಿ-ಡಬ್ಲ್ಯೂ3 ಗುರುತಿನ ಆಯಿಲ್. ಕಳೆ ಕತ್ತರಿಸುವ ಯಂತ್ರದ ಆಯಿಲ್ ಇದಕ್ಕೆ ಹೊಂದದು.

6. ಸುರಿಯುವುದು

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿಹೋಗುವುದಿಲ್ಲ, ತಳಕ್ಕೆ ಇಳಿದು ನಿಲ್ಲುತ್ತದೆ. ದೋಣಿಯೋ ಹರಿಗೋಲೋ ಆ ಆವಿ ಹಿಡಿದಿಡುವ ಬಾಣಲೆಯೇ ಸರಿ. ಆದ್ದರಿಂದ ಮೊದಲನೇ ನಿಯಮ: ಟ್ಯಾಂಕ್ ಬಿಚ್ಚಿ ತೆಗೆಯುವಂಥದ್ದಾದರೆ ದೋಣಿಯಲ್ಲಿ ತುಂಬಲೇಬೇಡಿ. ದಂಡೆಗೆ ತಂದು ನೆಲದ ಮೇಲಿಟ್ಟು ತುಂಬಿ. ಐದು ನಿಮಿಷದ ಕೆಲಸ, ಆದರೂ ಮಾಡುವವರು ವಿರಳ.

"ಡೀಸೆಲ್‌ಗೆ ಬೆಂಕಿ ಹತ್ತಂಗಿಲ್ಲ ಬಿಡ್ರಿ" ಎಂಬ ಧೈರ್ಯವೂ ಇದೆ. ನಮ್ಮ ದೇಶದ ಮಾನಕದಲ್ಲಿ ಡೀಸೆಲ್ ಆವಿ ಹೊತ್ತಿಕೊಳ್ಳುವ ಉಷ್ಣಾಂಶ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗಿಟ್ಟ ಕಪ್ಪು ಕ್ಯಾನ್ ಆ ಗೆರೆಯನ್ನು ಹೊತ್ತೇರುವ ಮುಂಚೆಯೇ ದಾಟಬಲ್ಲದು.

ಟ್ಯಾಂಕು ದೋಣಿಗೇ ಕೂರಿಸಿದ್ದಾದರೆ ಹೀಗೆ ಮಾಡಿ. ದೋಣಿಯನ್ನು ಎರಡೂ ತುದಿಗೆ ಹಗ್ಗ ಹಾಕಿ ದಂಡೆಗೆ ಬಿಗಿಯಿರಿ. ಜನರನ್ನೆಲ್ಲ ಇಳಿಸಿ, ಇಬ್ಬರು ಉಳಿದರೆ ಸಾಕು, ಒಬ್ಬರು ಲಾಳಿಕೆ ಹಿಡಿಯಲು, ಒಬ್ಬರು ಕ್ಯಾನ್ ಹಿಡಿಯಲು. ಇಂಜಿನ್ ಆರಿಸಿ, ಕೈ ಇಟ್ಟರೆ ಸುಡದಷ್ಟು ತಣ್ಣಗಾಗಲಿ. ಬೀಡಿ, ಸ್ಟವ್, ಬ್ಯಾಟರಿಯ ಸಡಿಲ ವೈರು, ಎಲ್ಲ ದೂರ. ಟ್ಯಾಂಕಿನ ಬಾಯಿ ಸುತ್ತ ಒದ್ದೆ ಗೋಣಿತಟ್ಟು ಸುತ್ತಿ, ಚೆಲ್ಲಿದ್ದು ತಳಕ್ಕೆ ಇಳಿಯದಂತೆ.

ಈಗ ಕ್ಯಾನ್ ಹಿಡಿಯುವ ಬಗೆ. ನೂರಕ್ಕೆ ತೊಂಬತ್ತು ಜನ ಬಾಯಿ ಕೆಳಗೆ ಬರುವಂತೆ ಬಗ್ಗಿಸುತ್ತಾರೆ. ಇಂಧನ ಬಾಯಿ ತುಂಬ ಹೊರಬೀಳುತ್ತದೆ, ಗಾಳಿ ಒಳಹೋಗಲು ದಾರಿ ಸಿಗದೆ ಗುಳುಗುಳು ಎಂದು ಉಕ್ಕಿ ಉಕ್ಕಿ ಕಾರುತ್ತದೆ, ಲಾಳಿಕೆ ತುಂಬಿ ಪಕ್ಕಕ್ಕೆ ಹರಿಯುತ್ತದೆ. ಕ್ಯಾನನ್ನು ತಿರುಗಿಸಿ ಹಿಡಿಯಿರಿ: ಅಡ್ಡ ಮಲಗಿಸಿದಾಗ ಬಾಯಿ ಮೇಲಿನ ಅಂಚಿನಲ್ಲಿರಬೇಕು. ನೋಡಲು ವಿಚಿತ್ರ ಎನಿಸುತ್ತದೆ, ಮೊದಲ ಸಲ ಕೈ ಒಪ್ಪುವುದಿಲ್ಲ. ಆದರೆ ಗಾಳಿ ಮೇಲಿನಿಂದ ಒಳಗೆ, ಇಂಧನ ಅಡಿಯಿಂದ ಹೊರಗೆ, ಒಂದೇ ಸಮನೆ ಸಣ್ಣ ಧಾರೆಯಾಗಿ ಬೀಳುತ್ತದೆ. ಮೊದಲು ಬರೀ ನೀರು ತುಂಬಿ ಮನೆ ಅಂಗಳದಲ್ಲಿ ಎರಡು ಸಲ ಅಭ್ಯಾಸ ಮಾಡಿ. ಆಮೇಲೆ ಕ್ಯಾನನ್ನು ಒಣಗಿಸುವುದನ್ನು ಮರೆಯಬೇಡಿ.

ಲಾಳಿಕೆಯ ಜಾಲರಿ ಸಣ್ಣ ಕಣ್ಣಿನದ್ದಿರಲಿ. ಸಂತೆಯ ಪ್ಲಾಸ್ಟಿಕ್ ಲಾಳಿಕೆಯ ಜಾಲರಿಯಲ್ಲಿ ಜೋಳದ ಕಾಳೂ ದಾಟೀತು. ಹಳೆ ಪಂಚೆಯಲ್ಲಿ ಸೋಸುವವರಿದ್ದಾರೆ. ಅದರ ನೂಲಿನ ಎಳೆಗಳು ಕಾರ್ಬೊರೇಟರಿನ ಜೆಟ್ಟಿಗೇ ಸಿಕ್ಕುತ್ತವೆ. ನೀರನ್ನು ತಡೆದು ಇಂಧನ ಮಾತ್ರ ಬಿಡುವ ಫಿಲ್ಟರ್ ಲಾಳಿಕೆಗಳು ಸಿಗುತ್ತವೆ, ಡೀಸೆಲ್‌ಗೆ ಅದನ್ನೇ ಕೊಳ್ಳಿ.

ಭಾರ ಎತ್ತಲು ಆಗದವರು ಪೈಪಿನಲ್ಲಿ ಇಳಿಸಲಿ. ಆದರೆ ಬಾಯಿಂದ ಎಳೆದು ಅಲ್ಲ. ನಮ್ಮ ಕಡೆ ಇದು ಹಿರಿಯರಿಂದ ಬಂದ ವಿದ್ಯೆ ಎಂಬಂತೆ ನಡೆದಿದೆ. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೂ ಪುಪ್ಪುಸ ಸುಡುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಬರುವಾಗ ಮತ್ತೆ ಅದೇ ದಾರಿ ತುಳಿಯುತ್ತದೆ. ನೇರ ಆಸ್ಪತ್ರೆಗೆ ಒಯ್ಯಿರಿ. ಕೈಯಲ್ಲಿ ಹಿಚುಕುವ ರಬ್ಬರ್ ಬುರುಡೆಯ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾನ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ ಇದ್ದರೆ ಮಿಕ್ಕಿದ್ದು ತಾನೇ ಹರಿಯುತ್ತದೆ.

ಹರಿಗೋಲಿನವರಿಗೆ ಬೇರೆಯೇ ಎಚ್ಚರ. ಬಿದಿರಿನ ಹೆಣಿಗೆಯ ತಳಕ್ಕೆ ಬಳಿದಿರುವುದು ಡಾಂಬರು. ಪೆಟ್ರೋಲ್, ಡೀಸೆಲ್ ಎರಡೂ ಡಾಂಬರನ್ನು ಕರಗಿಸುತ್ತವೆ. ಇಂಜಿನ್ನಿಗೆ ಡೀಸೆಲ್ ದಾಟಿಸಲು ಸೋರುವ ಕ್ಯಾನನ್ನು ಹರಿಗೋಲಿನಲ್ಲಿ ಇಟ್ಟರೆ ತಳ ಅಲ್ಲೇ ಮೆತ್ತಗಾಗಿ ನೀರು ಜಿನುಗಲು ಶುರು. ಕ್ಯಾನಿನ ಕೆಳಗೆ ತೂತಿಲ್ಲದ, ಅಂಚಿರುವ ಪ್ಲಾಸ್ಟಿಕ್ ಬುಟ್ಟಿ ಇಡಿ. ಸೋರುವ ಬೆಸುಗೆಗೆ ಒಣ ಸಾಬೂನು ತಿಕ್ಕಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ದಡ ಸೇರುವವರೆಗೆ ಮಾತ್ರ.

ಚೆಲ್ಲಿದರೆ ಅರಿವೆಯಲ್ಲಿ ಒರೆಸಿ, ದಂಡೆಯ ಮೇಲೆ ಹರವಿ ಒಣಗಿಸಿ. ಮುದ್ದೆ ಮಾಡಿ ಮೂಲೆಗೆ ತುರುಕಬೇಡಿ. ಸೋಪುಪುಡಿ ಹಾಕಿ ಹೊಳೆಗೆ ತೊಳೆದುಬಿಡಬೇಡಿ, ಕೆಳಗಿನ ಊರುಗಳು ಕುಡಿಯುವುದು ಇದೇ ನೀರು. ದೋಣಿಯೊಳಗೆ ಆವಿಯ ವಾಸನೆ ಪೂರ್ತಿ ಹೋಗುವವರೆಗೆ ಇಂಜಿನ್ ಮುಟ್ಟಬೇಡಿ.

7. ಚಾಲೂ ಮಾಡುವಾಗ

ಬಿಚ್ಚುವ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಸ್ಕ್ರೂ ಇರುತ್ತದೆ. ಒಯ್ಯುವಾಗ ಮುಚ್ಚಿ, ಓಡಿಸುವಾಗ ತೆರೆಯಿರಿ. ತೆರೆಯಲು ಮರೆತರೆ ಇಂಜಿನ್ ಚೆನ್ನಾಗಿ ಶುರುವಾಗುತ್ತದೆ, ಹೊಳೆಯ ನಟ್ಟನಡುವೆ ಉಸಿರು ಕಟ್ಟಿ ನಿಲ್ಲುತ್ತದೆ. ಪೈಪಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಚುಕಿ. ಡೀಸೆಲ್ ಇಂಜಿನ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಇಂಧನ ತುಂಬಿದರೂ ಹತ್ತುವುದಿಲ್ಲ, ಪೈಪಿನಲ್ಲಿ ಗಾಳಿ ಸೇರಿ ಏರ್ ಹಿಡಿದಿರುತ್ತದೆ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ಹೋಗಿ ಬರೀ ಡೀಸೆಲ್ ಬರುವವರೆಗೆ ಪಂಪ್ ಮಾಡಿ, ಬಿಗಿಯಿರಿ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರುವುದು ದಂಡ.

8. ಉಳಿದದ್ದು, ಖಾಲಿಯಾದದ್ದು

ಮಳೆಗಾಲದಲ್ಲಿ ದಂಡೆಯ ಇಂಜಿನ್ ಶೆಡ್ಡಿನಲ್ಲಿ ಕ್ಯಾನ್ ಇಟ್ಟು ಮನೆಗೆ ಹೋಗಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು, ಹೇಳಿ ಕೇಳಿ ಅಲ್ಲ; ಹೊಳೆಯ ನೀರೂ ಹಾಗೇ ಹೇಳದೆ ಏರುತ್ತದೆ. ಕ್ಯಾನ್ ಎತ್ತರದ ಜಾಗದಲ್ಲಿ, ನೆರಳಲ್ಲಿ, ಅಡುಗೆ ಮನೆಯಿಂದ ದೂರ ಇರಲಿ.

ಖಾಲಿ ಕ್ಯಾನಿನಲ್ಲಿ ಇಂಧನ ಇಲ್ಲದಿದ್ದರೂ ಆವಿ ತುಂಬಿರುತ್ತದೆ. ತೂತು ಮುಚ್ಚಿಸಲು ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ, ಗುಜರಿಗೆ ಹಾಕಿ. ಡೀಸೆಲ್ ಕ್ಯಾನನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗಾಗಲಿ, ಹೊಲಕ್ಕೆ ಮಜ್ಜಿಗೆ ಒಯ್ಯಲಾಗಲಿ ಬಳಸಬೇಡಿ.