ಬಾಲ ಪೂರ್ತಿ ಸಿಕ್ಕಿದ ಕಥೆ

ಮೂಡಿಗೆರೆ ಕಡೆ ನಮ್ಮ ತೋಟಕ್ಕೆ ರಾಜಹಕ್ಕಿ ಪ್ರತಿ ಚಳಿಗಾಲ ಬರುತ್ತದೆ. ಬೆಳೆದ ಬಿಳಿ ಗಂಡಿಗೆ ಕಪ್ಪು ಜುಟ್ಟು, ಬಿಳಿ ಮೈ, ಹಿಂದೆ ಒಂದಡಿ ಹತ್ತಿರದ ಬಾಲ. ಕ್ಯಾಮೆರಾ ಎತ್ತುವಷ್ಟರಲ್ಲಿ ಕಾಫಿ ಗಿಡದ ಹಿಂದೆ ಮಾಯ. ಎರಡು ವರ್ಷ ಬೆನ್ನು ಹತ್ತಿದರೂ ಸಿಕ್ಕಿದ್ದು ಬರೀ ಅರ್ಧ ಬಾಲ.

ನೀರಿಟ್ಟು ಕರೆಸುತ್ತೇನೆ ಅಂದಾಗ ಭಾವ ನಕ್ಕರು. "ಪಕ್ಕದಲ್ಲೇ ಹಳ್ಳ ಇದೆ, ನಿನ್ನ ತೊಟ್ಟಿಗೆ ಯಾಕೋ ಬರುತ್ತೆ?" ಮೊದಲ ವರ್ಷ ಅವರ ಮಾತೇ ನಿಜವಾಯಿತು. ಕೂಲಿ ಸೇರಿ 4,000 ಚಿಲ್ಲರೆ ಸುರಿದು ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಅದರಲ್ಲಿ ಮಿಂದದ್ದು ನಮ್ಮ ನಾಯಿ ಮಾತ್ರ. ಮರುವರ್ಷ ಅದರದೇ ಕೂಗಿನ ರೆಕಾರ್ಡಿಂಗ್ ಫೋನಿನಲ್ಲಿ ಹಾಕಿದೆ. ಗಂಡು ಬಂತು, ಆದರೆ ಇನ್ನೊಂದು ಹಕ್ಕಿ ಬಂದಿದೆ ಅಂದುಕೊಂಡು ಜಗಳಕ್ಕೆ. ಹುಳ ಹಿಡಿಯುವುದನ್ನೂ ಬಿಟ್ಟು ಅಲ್ಲೇ ಸುತ್ತಿತು. ಪಾಪ ಅನ್ನಿಸಿತು. ಮತ್ತೆ ಆ ಕೆಲಸ ಮಾಡಲಿಲ್ಲ.

ನಡುವೆ ಇನ್ನೊಂದು ಹುಚ್ಚು. ನೊಣ ಬಂದರೆ ನೊಣ ಹಿಡಿಯುವ ಹಕ್ಕಿಯೂ ಬರುತ್ತದೆ ಅಂತ ಕೊಳೆತ ಬಾಳೆಹಣ್ಣು ನೇತುಹಾಕಿದೆ. ಹಗಲು ಪಿಕಳಾರ, ರಾತ್ರಿ ಪುನುಗು ಬೆಕ್ಕು. ಗೊನೆ ಖಾಲಿ.

ಮೂರನೇ ವರ್ಷ ಗೊತ್ತಾಯಿತು: ಇದು ನೀರಿನ ಅಂಚಿಗೆ ಇಳಿದು ಮೀಯುವ ಹಕ್ಕಿ ಅಲ್ಲ. ಕೊಂಬೆಯಿಂದ ಧುಮುಕಿ, ನೀರು ತಾಗಿಸಿಕೊಂಡು ವಾಪಸ್ ಹಾರುತ್ತದೆ. ಹಾಗಾಗಿ ಬೇಕಾದದ್ದು ಆಳ ಅಲ್ಲ, ಮೇಲೊಂದು ಕೊಂಬೆ. ಕೊಟ್ಟಿಗೆಯ ಹಳೇ ಕಲ್ಲುಮರಿಗೆಗೆ ಎರಡಿಂಚು ನೀರು, ಮೇಲೆ 20 ಲೀಟರ್ ಕ್ಯಾನ್, ಮೆಣಸಿಗೆ ಹಾಕಿ ಉಳಿದಿದ್ದ ಡ್ರಿಪ್ ಪೈಪು. ಖರ್ಚು 200 ದಾಟಲಿಲ್ಲ. ತೊಟ್ಟಿಕ್ಕುವ ಸದ್ದೇ ಮುಖ್ಯ. ಎಷ್ಟು ಸೆಕೆಂಡಿಗೆ ಒಂದು ಹನಿ, ಕೊಂಬೆ ಯಾವ ಮರದ್ದು ಅಂತ ಮಾತ್ರ ಕೇಳಬೇಡಿ!

ಫೆಬ್ರವರಿಯಲ್ಲಿ ಹಳ್ಳ ಬತ್ತಿತು. ಒಂಬತ್ತನೇ ದಿನವೋ ಹತ್ತನೇ ದಿನವೋ, ಸಂಜೆ ಐದರ ಹೊತ್ತಿಗೆ ಬಿಳಿ ಗಂಡು ಬಂತು. ಒಂದಾದ ಮೇಲೊಂದು ನಾಲ್ಕು ಸಲ ಧುಮುಕಿತು. ಅವತ್ತಿನದೆಲ್ಲ ಹಾಳು. ತುಂಬಾ ಹತ್ತಿರಕ್ಕೆ ಎಳೆಯುವ 600 ಎಂಎಂ ಲೆನ್ಸಿನಲ್ಲಿ ಬಾಲ ಚೌಕಟ್ಟಿನ ಹೊರಗೆ, ನೆರಳಲ್ಲಿ 1/500 ಸೆಕೆಂಡಿನ ಶಟರ್ ವೇಗ ಸಾಲದೆ ರೆಕ್ಕೆ ಮಸುಕು, ಬೆಳಕು ಹೆಚ್ಚಾಗಿ ಬಿಳಿ ಮೈ ಸುಣ್ಣ ಬಳಿದ ಗೋಡೆ. ಮಾರನೇ ದಿನ 300 ಎಂಎಂ ಲೆನ್ಸ್ ಹಾಕಿದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದೆ (ಅಂದರೆ ಬೆಳಕು ಅರ್ಧ), ಶಟರ್ 1/2000ಕ್ಕೆ ಇಟ್ಟು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಎಲ್ಲಿಗೆ ಬೇಕಾದರೂ ಏರಲಿ ಅಂತ ಬಿಟ್ಟೆ. ಬಾಲದ ತುದಿವರೆಗೂ ಬಂತು.

ಮಗಳು ಫೋನಿನಲ್ಲಿ ಜಪಾನಿನ ಹೊಕ್ಕೈಡೊದ ಶಿಮಾ ಎನಗ ತೋರಿಸುತ್ತಿರುತ್ತಾಳೆ. ಹತ್ತಿ ಉಂಡೆಗೆ ಕಡ್ಡಿ ಸಿಕ್ಕಿಸಿದ ಹಾಗೆ ಪುಟ್ಟ ಹಕ್ಕಿ, ಬಾಲ ಸೇರಿ 14 ಸೆಂಟಿಮೀಟರ್ ಅಷ್ಟೇ. ಮುದ್ದು ಅಂದರೆ ಅದೇ ಅಂತ ಅವಳ ವಾದ. ಮಿಂದು ಪುಕ್ಕ ಉಬ್ಬಿಸಿ ಕೂತ ನಮ್ಮ ರಾಜನ ಫೋಟೋ ತೋರಿಸಿದೆ. ಈಗ ಅವಳ ಫೋನಿನ ವಾಲ್‌ಪೇಪರ್ ಅದೇ.

ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಮರುದಿನದಿಂದ ಮರಿಗೆಗೆ ಒಂದೂ ಬರಲಿಲ್ಲ. ಕ್ಯಾನ್ ಬಿಚ್ಚಿ ಒಳಗಿಟ್ಟೆ.