ದ್ರವ ಸಾರಜನಕವಿಲ್ಲದೆ ಫ್ರೋಜನ್ ಸೆಕ್ಷನ್: ನನ್ನ ಅನುಭವ

ಹಾಸನದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಫ್ರೋಜನ್ ಸೆಕ್ಷನ್ ಮಾಡಲು, ಎಂದರೆ ಶಸ್ತ್ರಚಿಕಿತ್ಸೆಯ ನಡುವೆ ಬಂದ ಅಂಗಾಂಶವನ್ನು ಹೆಪ್ಪುಗಟ್ಟಿಸಿ, ತೆಳ್ಳನೆಯ ಪದರಗಳಾಗಿ (ಸೆಕ್ಷನ್) ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲು, ಈಗ ದ್ರವ ಸಾರಜನಕವೂ ಬೇಕಿಲ್ಲ, ಅಂಗಾಂಶವನ್ನು ಚಳಿಯಲ್ಲೇ ಕತ್ತರಿಸುವ ಯಂತ್ರವಾದ ಕ್ರಯೋಸ್ಟ್ಯಾಟ್‌ನೊಳಗಿನ ಕ್ವಿಕ್ ಫ್ರೀಜ್ (ಬೇಗ ಹೆಪ್ಪುಗಟ್ಟಿಸುವ) ಭಾಗವೂ ಬೇಕಿಲ್ಲ. ಹಿತ್ತಾಳೆಯ ದಪ್ಪ ಗಟ್ಟಿಯೊಂದರಲ್ಲಿ ಕುಳಿಗಳನ್ನು ಕೊರೆಸಿ, ಅದನ್ನು ಸದಾ ಯಂತ್ರದ ತಣ್ಣನೆಯ ಚೇಂಬರಿನೊಳಗೇ ಇಟ್ಟು, ಅಂಗಾಂಶವನ್ನು ಆ ಕುಳಿಯಲ್ಲಿ ಬೋರಲು ಮಲಗಿಸಿ ಹೆಪ್ಪುಗಟ್ಟಿಸುತ್ತೇನೆ. ಮುಖ ಕೆಳಗಾಗಿ ಇಡುವ ಈ ಕ್ರಮವನ್ನು ನಾನು ಕಂಡುಹಿಡಿದದ್ದೇನಲ್ಲ. ಇದಕ್ಕೆಂದೇ ಮಾಡಿದ ಉಕ್ಕಿನ ಅಚ್ಚುಗಳು ಹೊರದೇಶಗಳಲ್ಲಿ ಮಾರಾಟಕ್ಕಿವೆ. ಆದರೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಹಿತ್ತಾಳೆಯ ತುಂಡಿನಿಂದ, ಬೇರೆಯವರು ಬಳಸಿ ಬಿಟ್ಟ ಯಂತ್ರದಲ್ಲಿ, ಜುಲೈ ತಿಂಗಳ ಜಡಿಮಳೆಯಲ್ಲಿಯೂ ಇಪ್ಪತ್ತು ನಿಮಿಷದೊಳಗೆ ಶಸ್ತ್ರಚಿಕಿತ್ಸಾ ಕೊಠಡಿಗೆ ಉತ್ತರ ಕೊಡಬಹುದು ಎಂದಾಗ ನಂಬಿದವರು ಯಾರೂ ಇರಲಿಲ್ಲ. ಈಗ ಅನುಮಾನಪಡುವವರು ಕಡಿಮೆಯಾಗಿದ್ದಾರೆ. ಕೇಳಿ ಫೋನ್ ಮಾಡುವವರು ಹೆಚ್ಚಾಗಿದ್ದಾರೆ.

ಯಂತ್ರವನ್ನು ಕೊಂಡದ್ದು ಬೆಂಗಳೂರಿನಲ್ಲಿ, ಸುಮಾರು ಮೂರೂವರೆ ಲಕ್ಷ ರೂಪಾಯಿಗೆ. ಹೊಸದಕ್ಕೆ ಆಗ ಹನ್ನೆರಡು ಲಕ್ಷದಿಂದ ಮೇಲಕ್ಕೆ ಹೇಳುತ್ತಿದ್ದರು. ತಂದು ನಿಲ್ಲಿಸಿದ ಮೇಲೆ ಕಂಪ್ರೆಸರ್ ಮತ್ತು ಗ್ಯಾಸ್ ತುಂಬಿಸುವುದಕ್ಕೆ ನಲವತ್ತು ಸಾವಿರ ಹೋಯಿತು. ನಮ್ಮ ಬಡಾವಣೆಯ ವೋಲ್ಟೇಜ್ ಸಂಜೆಯ ಹೊತ್ತು ಕುಸಿಯುತ್ತಿದ್ದುದರಿಂದ ದೊಡ್ಡ ಸ್ಟೆಬಿಲೈಸರ್‌ಗೆ ಇನ್ನೊಂದು ಹದಿನೆಂಟು ಸಾವಿರ. ಕ್ವಿಕ್ ಫ್ರೀಜ್ ಭಾಗವಂತೂ ಬರುವಾಗಲೇ ಸತ್ತಿತ್ತು. ಅದರ ಬಿಡಿಭಾಗಕ್ಕೆ ಮಾರಾಟಗಾರರ ಕಡೆಯ ಇಂಜಿನಿಯರ್ ಒಂದೂ ಮುಕ್ಕಾಲು ಲಕ್ಷದ ಅಂದಾಜು ಪಟ್ಟಿ ಕೊಟ್ಟು, "ಇದಿಲ್ಲದೆ ನಿಮಗೆ ಫ್ರೋಜನ್ ಆಗೋದಿಲ್ಲ ಸಾರ್, ಪ್ಯಾರಾಫಿನ್ನಿನಲ್ಲೇ ಇದ್ದುಬಿಡಿ" ಎಂದು, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಕತ್ತರಿಸುವ ನಿಧಾನದ ಕ್ರಮವನ್ನೇ ಸೂಚಿಸಿ ಹೋದರು. ನಮ್ಮ ಪೆಥಾಲಜಿಸ್ಟ್ ಮೇಡಂ ಅವರಿಗೂ ಆಗ ಅದೇ ಅಭಿಪ್ರಾಯವಿತ್ತು.

ಕ್ವಿಕ್ ಫ್ರೀಜ್ ಇಲ್ಲದೆ, ಚೇಂಬರಿನ ತಣ್ಣನೆಯ ಗಾಳಿಯಲ್ಲೇ ಚಕ್ಕಿನ (ಅಂಗಾಂಶವನ್ನು ಹೊತ್ತು ನಿಲ್ಲುವ, ಕಾಂಡವಿರುವ ಲೋಹದ ಬಿಲ್ಲೆ) ಮೇಲೆ ಓಸಿಟಿ (ಅಂಗಾಂಶವನ್ನು ಹುದುಗಿಸುವ ಅಂಟು ದ್ರವ) ಸುರಿದು ಕಾದರೆ ಏನಾಗುತ್ತದೆಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ನಿಧಾನವಾಗಿ ಹೆಪ್ಪುಗಟ್ಟಿದ ಅಂಗಾಂಶದಲ್ಲಿ ಐಸ್ ಹರಳುಗಳು ದೊಡ್ಡದಾಗಿ ಬೆಳೆದು, ಜೀವಕೋಶಗಳ ನಡುವೆ ತೂತುಗಳು ಬೀಳುತ್ತವೆ. ಥೈರಾಯ್ಡ್‌ನಲ್ಲಿ ಇದನ್ನು ಹೇಗೋ ಸಹಿಸಬಹುದು. ಮಿದುಳಿನ ತುಂಡಿನಲ್ಲಿ ಓದಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಹಿಡಿದದ್ದು ದ್ರವ ಸಾರಜನಕದ ದಾರಿ. ಹಾಸನ ಜಿಲ್ಲೆಯಲ್ಲಿ ಹೈನುಗಾರಿಕೆ ದೊಡ್ಡದಾಗಿರುವುದರಿಂದ, ಹಸುಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇಡಲು ದ್ರವ ಸಾರಜನಕ ಹಳ್ಳಿಹಳ್ಳಿಗೂ ಹೋಗುತ್ತದೆ. ಪಶುವೈದ್ಯ ಮಿತ್ರರೊಬ್ಬರ ಮೂಲಕ ಅದನ್ನು ಪೂರೈಸುವವರ ಪರಿಚಯವಾಗಿ, ಮೂರು ಲೀಟರಿನ ಒಂದು ಪಾತ್ರೆಯನ್ನು ಹನ್ನೆರಡು ಸಾವಿರದಷ್ಟು ಕೊಟ್ಟು ತಂದೆ. ಸಾರಜನಕ ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಾದ್ದರಿಂದ ಅದರಲ್ಲಿ ಅದ್ದಿದ ಬ್ಲಾಕ್ (ಓಸಿಟಿಯಲ್ಲಿ ಹುದುಗಿದ ಅಂಗಾಂಶದ ತುಂಡು) ಕ್ಷಣದಲ್ಲಿ ಗಟ್ಟಿಯಾಗುತ್ತದೆಂದು ಹೊರಗಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಬ್ಲಾಕಿನ ಸುತ್ತ ಆವಿಯ ಪದರವೊಂದು ಎದ್ದು ಶೀತವನ್ನೇ ತಡೆಯುತ್ತದೆ, ಹೊರಮೈ ಮೊದಲು ಬಿಗಿದು ಒಳಗಿನ ನೀರು ಆಮೇಲೆ ಹಿಗ್ಗುವುದರಿಂದ ಬ್ಲಾಕ್ ನಡುವೆ ಸೀಳಿಬಿಡುತ್ತದೆ. ಐಸೋಪೆಂಟೇನ್ ಎಂಬ ದ್ರವವನ್ನು ಸಾರಜನಕದಲ್ಲಿ ತಣಿಸಿ ಅದರಲ್ಲಿ ಅದ್ದಿದಾಗ ಈ ಎರಡೂ ತೊಂದರೆಗಳು ತಪ್ಪಿದವು, ಆದರೆ ಮೂರನೆಯದು ಉಳಿಯಿತು. ಅಷ್ಟು ಆಳದ ಚಳಿಯಿಂದ ಬಂದ ಬ್ಲಾಕ್ ಗಾಜಿನಂತೆ ಪುಡಿಪುಡಿಯಾಗುತ್ತಿತ್ತು. ಅದು ಮೈನಸ್ 20ರ ಹತ್ತಿರಕ್ಕೆ ಏರಿ ಕತ್ತರಿಸಲು ಬರುವಷ್ಟು ಹದವಾಗಲು ಚೇಂಬರಿನಲ್ಲಿ ಇಪ್ಪತ್ತು ನಿಮಿಷ ಕಾಯಬೇಕಾಗುತ್ತಿತ್ತು. ಇಡೀ ಕೆಲಸಕ್ಕೆ ಇರುವುದೇ ಇಪ್ಪತ್ತು ನಿಮಿಷ! ಹೆಬ್ಬೆರಳಿನಿಂದ ಒತ್ತಿ ಬೆಚ್ಚಗೆ ಮಾಡುವ ಉಪಾಯ ಮೇಲಿನ ಕೆಲವು (ಮಿಲಿಮೀಟರಿನ ಸಾವಿರದ ಒಂದು ಪಾಲಿನ) ಮೈಕ್ರಾನ್‌ಗಳಿಗೆ ಮಾತ್ರ ಸಾಕಾಗುತ್ತದೆ. ಇದಲ್ಲದೆ ಐಸೋಪೆಂಟೇನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಅದನ್ನು ಮುಚ್ಚಿದ ಸಣ್ಣ ಕೋಣೆಯಲ್ಲಿ ತೆರೆದಿಟ್ಟುಕೊಂಡು ಕೂರುವುದು ನನಗೆ ಒಗ್ಗಲಿಲ್ಲ. ವಾರಕ್ಕೆ ಎರಡೋ ಮೂರೋ ಕೇಸುಗಳು ಬರುವ ಊರಿನಲ್ಲಿ, ಬಳಸಿದರೂ ಬಳಸದಿದ್ದರೂ ಆರಿಹೋಗುವ ಸಾರಜನಕಕ್ಕೆ ತಿಂಗಳು ತಿಂಗಳು ಹಣ ಕೊಡುವುದೂ ಲೆಕ್ಕಕ್ಕೆ ಬರುವ ಮಾತಲ್ಲ.

ಇಲ್ಲಿಂದಲೇ ನನ್ನ ಯೋಚನೆ ತಿರುಗಿತು. ಬ್ಲಾಕನ್ನು ಯಾವ ತಾಪದಲ್ಲಿ ಕತ್ತರಿಸಬೇಕೋ ಹೆಚ್ಚುಕಡಿಮೆ ಅದೇ ತಾಪದಲ್ಲಿರುವ ವಸ್ತುವಿನಿಂದ ಬೇಗ ಹೆಪ್ಪುಗಟ್ಟಿಸಿದರೆ ಕಾಯುವ ಪ್ರಶ್ನೆಯೇ ಇರುವುದಿಲ್ಲ. ಗಾಳಿಗೆ ಆ ವೇಗವಿಲ್ಲ, ತೂಕದ ಲೋಹಕ್ಕೆ ಇದೆ. ಸ್ಟೇನ್‌ಲೆಸ್ ಸ್ಟೀಲಿಗೆ ಹೋಲಿಸಿದರೆ ಹಿತ್ತಾಳೆ ಏಳು ಪಟ್ಟಿನಷ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಕೊರೆಯಲೂ ಸುಲಭ, ಆಗ ಕೆಜಿಗೆ ಐನೂರರ ಆಸುಪಾಸಿನಲ್ಲಿ ಗುಜರಿಯಲ್ಲೇ ಸಿಗುತ್ತಿತ್ತು. ಹಾಸನದ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯ ಯಜಮಾನರಿಗೆ ನಕ್ಷೆ ತೋರಿಸಿದಾಗ ಅವರು ತಿರುಗಿಸಿ ತಿರುಗಿಸಿ ನೋಡಿ, "ಏನ್ ಸಾರ್, ಇಡ್ಲಿ ತಟ್ಟೆ ಮಾಡಿಸ್ತಿದ್ದೀರಾ?" ಎಂದು ಕೇಳಿದರು. ನೋಡಲು ಅದು ಹಾಗೆಯೇ ಇದೆ: ಎರಡು ಕೆಜಿಗೆ ಸ್ವಲ್ಪ ಕಡಿಮೆ ತೂಗುವ ಗಟ್ಟಿ, ಅದರಲ್ಲಿ 18, 24 ಮತ್ತು 30 ಮಿಲಿಮೀಟರ್ ಅಗಲದ, ಐದಾರು ಮಿಲಿಮೀಟರ್ ಆಳದ ಸಪಾಟು ತಳದ ಕುಳಿಗಳು. ಜೊತೆಗೆ ಚಕ್ಕಿನ ಬೆನ್ನ ಮೇಲೆ ಹೇರಲು ಅದೇ ಲೋಹದ, ಚಕ್ಕಿನ ಕಾಂಡಕ್ಕೆ ನಡುವೆ ತೂತಿರುವ ಒಂದು ತೂಕ. ಕೂಲಿ, ಲೋಹ, ಮೇಲಿನ ನಿಕಲ್ ಲೇಪನ ಎಲ್ಲ ಸೇರಿ ಒಂಬತ್ತು ಸಾವಿರ ದಾಟಲಿಲ್ಲ.

ಮೊದಲ ಗಟ್ಟಿ ಕೆಲಸಕ್ಕೆ ಬರಲಿಲ್ಲ. ಕುಳಿಯ ಗೋಡೆಗಳು ನೆಟ್ಟಗಿದ್ದುದರಿಂದ ಹೆಪ್ಪುಗಟ್ಟಿದ ಓಸಿಟಿ ಒಳಗೇ ಕಚ್ಚಿಕೊಂಡು, ಚಕ್ ಮಾತ್ರ ಕಿತ್ತು ಬಂದು, ಅಂಗಾಂಶ ಹಿತ್ತಾಳೆಗೇ ಅಂಟಿ ಉಳಿಯುತ್ತಿತ್ತು. ಆಗ ಪ್ರಯೋಗಿಸುತ್ತಿದ್ದುದು ಮಾಂಸದಂಗಡಿಯಿಂದ ತಂದ ಕುರಿಯ ಪಿತ್ತಜನಕಾಂಗದ ಮೇಲೆ. ಅದರಲ್ಲಿ ಕೆಜಿಗಟ್ಟಲೆ ಹಾಳಾಯಿತು. ಗೋಡೆಯನ್ನು ಹೊರಮುಖವಾಗಿ ಓರೆ ಮಾಡಿಸಿ, ತಳವನ್ನು ಕನ್ನಡಿಯ ಮಟ್ಟಕ್ಕೆ ಪಾಲಿಶ್ ಮಾಡಿಸಿದ ಎರಡನೆಯ ಗಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಲಾಕುಗಳು ಸಲೀಸಾಗಿ ಎದ್ದು ಬಂದವು. ಉಳಿದವೂ ಬರುವಂತೆ ಮಾಡಿದ್ದು ವಾರಕ್ಕೊಮ್ಮೆ ಕುಳಿಗೆ ಸವರುವ ಒಂದು ಪದಾರ್ಥ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದವರಿಗೆ ತೋರಿಸುತ್ತೇನೆ. ಸಿಲಿಕೋನ್ ಸ್ಪ್ರೇ ಅಲ್ಲ ಎಂದಷ್ಟು ಹೇಳಬಲ್ಲೆ, ಏಕೆಂದರೆ ಅದನ್ನು ಹಚ್ಚಿದರೆ ಸೆಕ್ಷನ್ ಸ್ಲೈಡಿಗೆ ಹಿಡಿಯುವುದಿಲ್ಲ.

ಈಗಿನ ಕ್ರಮ ಹೀಗಿದೆ. ಚೇಂಬರ್ ಮೈನಸ್ 24ರಲ್ಲಿರುತ್ತದೆ, ಗಟ್ಟಿ ರಾತ್ರಿಯಿಡೀ ಅದರೊಳಗೆ ಕೂತಿರುತ್ತದೆ. ಬಂದ ತುಂಡನ್ನು ಫಿಲ್ಟರ್ ಕಾಗದದ ಮೇಲೆ ಒತ್ತಿ ಒಣಗಿಸಿ, ಸುತ್ತಲಿನ ಕೊಬ್ಬನ್ನು ಆದಷ್ಟು ಕತ್ತರಿಸಿ ತೆಗೆದು, ನೋಡಬೇಕಾದ ಮುಖವನ್ನು ಕುಳಿಯ ತಳಕ್ಕೆ ಇಟ್ಟು ಚಿಮುಟದಿಂದ ಲಘುವಾಗಿ ಒತ್ತುತ್ತೇನೆ. ಮುಟ್ಟಿದ ಕೂಡಲೇ ಅಂಚು ಬೆಳ್ಳಗಾಗಿ ಮೇಲಕ್ಕೆ ಹರಡುತ್ತದೆ. ಆಗ ಓಸಿಟಿಯನ್ನು ತುಂಬಿ, ಮೊದಲೇ ತಣಿದ ಚಕ್ಕನ್ನು ಅದರ ಮೇಲೆ ಕೂರಿಸಿ, ತೂಕವನ್ನು ಹೇರಿ, ಒಂದೂವರೆ ನಿಮಿಷದಷ್ಟು ಬಿಟ್ಟು, ಚಕ್ಕಿನ ಕಾಂಡಕ್ಕೆ ಪಕ್ಕದಿಂದ ಒಂದು ಪೆಟ್ಟು ಕೊಟ್ಟರೆ ಬ್ಲಾಕ್ ಕಳಚಿಕೊಳ್ಳುತ್ತದೆ. ಅದರ ಮುಖ ಸಪಾಟಾಗಿರುವುದರಿಂದ ಟ್ರಿಮ್ ಮಾಡುವ ಕೆಲಸ ಇಲ್ಲವೇ ಇಲ್ಲ ಎನ್ನಬಹುದು. ಹದಿನೈದು ಇಪ್ಪತ್ತು ಮೈಕ್ರಾನ್ ಇಳಿಯುವಷ್ಟರಲ್ಲಿ ಪೂರ್ತಿ ಮುಖದ ಸೆಕ್ಷನ್ ಸಿಗುತ್ತದೆ. ಮೂರು ಮಿಲಿಮೀಟರಿನ ಸಣ್ಣ ಬಯಾಪ್ಸಿಗಳಲ್ಲಿ ಇದರ ಬೆಲೆ ತಿಳಿಯುತ್ತದೆ, ಏಕೆಂದರೆ ಹಳೆಯ ಕ್ರಮದಲ್ಲಿ ಇಂಥ ತುಂಡುಗಳ ಅರ್ಧಭಾಗ ಮುಖ ಸಮಮಾಡುವುದರಲ್ಲೇ ಮುಗಿದುಹೋಗುತ್ತಿತ್ತು. ಹೆಪ್ಪುಗಟ್ಟುವಿಕೆಯೂ ನಾವು ನೋಡಬೇಕಾದ ಮುಖದಿಂದಲೇ ಆರಂಭವಾಗುವುದರಿಂದ ಹರಳುಗಳು ಅತಿ ಸಣ್ಣದಾಗಿರುವುದು ಆ ಮುಖದಲ್ಲಿಯೇ.

ಒಣಗಿಸುವ ವಿಷಯವನ್ನು ಹಗುರವಾಗಿ ಕಾಣಬಾರದು. ನಮಗೆ ತುಂಡುಗಳನ್ನು ಕಳುಹಿಸುವ ಆಸ್ಪತ್ರೆಯೊಂದರಿಂದ ಬಹಳ ಕಾಲ ಅವು ಸಲೈನಿನಲ್ಲಿ ತೇಲುತ್ತಲೇ ಬರುತ್ತಿದ್ದವು. "ಸಿಸ್ಟರ್, ದಯವಿಟ್ಟು ಸಲೈನಿಗೆ ಹಾಕಬೇಡಿ, ಖಾಲಿ ಡಬ್ಬಿಯಲ್ಲಿ ಮುಚ್ಚಿ ಕೊಡಿ" ಎಂದು ಎಷ್ಟು ಹೇಳಿದರೂ ಪಾಳಿ ಬದಲಾದಾಗ ಅದೇ ಕಥೆ ಮರುಕಳಿಸುತ್ತಿತ್ತು. ಕೊನೆಗೆ ಒಣ ಡಬ್ಬಿಗಳನ್ನು ನಾವೇ ಹೆಸರು ಬರೆದು ಕಳುಹಿಸತೊಡಗಿದೆವು.

ಈ ಕ್ರಮದಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಸ್ತನದ ಕೊಬ್ಬು ಮೈನಸ್ 24ರಲ್ಲಿ ಕತ್ತರಿಸಲು ಬರುವಷ್ಟು ಗಟ್ಟಿಯಾಗುವುದಿಲ್ಲ. ಅಂಥ ಕೇಸಿದೆ ಎಂದು ಬೆಳಿಗ್ಗೆಯೇ ತಿಳಿದರೆ ಚೇಂಬರನ್ನು ಮೈನಸ್ 30ಕ್ಕೆ ಇಳಿಸಿ, ಸೆಕ್ಷನ್ನಿನ ದಪ್ಪದಲ್ಲಿ ಎಂಟು ಮೈಕ್ರಾನಿಗೆ ಹೋಗಿ, ಬ್ಲೇಡಿನ ಹೊಸ ಭಾಗವನ್ನು ಬಳಸಿ, ಹಿಡಿಯನ್ನು ತಡೆಯಿಲ್ಲದೆ ಒಂದೇ ಸಮನೆ ತಿರುಗಿಸುತ್ತೇನೆ. ಕೊಬ್ಬಿರುವ ಅಂಚನ್ನು ಯಾವ ಕಡೆಗೆ ತಿರುಗಿಸಿ ಚಕ್ಕನ್ನು ಬಿಗಿಯಬೇಕೆಂಬುದು ಕೈಗೆ ಬರಬೇಕಾದ ವಿದ್ಯೆ. ಮಿದುಳು, ಪಿತ್ತಜನಕಾಂಗ, ಲಿಂಫ್ ಗಂಟುಗಳದು ಇದಕ್ಕೆ ತದ್ವಿರುದ್ಧ: ಅವು ಮೈನಸ್ 24ರಲ್ಲಿ ಬಿರಿಯುತ್ತವೆ, ಮೈನಸ್ 15ರ ಸುತ್ತಮುತ್ತ ರೇಷ್ಮೆಯ ಹಾಗೆ ಬರುತ್ತವೆ. ಚೇಂಬರಿನ ತಾಪವನ್ನು ಕೇಸಿಗೊಮ್ಮೆ ಏರಿಳಿಸಲು ಆಗದಿರುವುದರಿಂದ ಇವುಗಳಿಗೆ ಹೆಬ್ಬೆರಳೇ ಗತಿ. ಕೈಗವಸು ತೊಟ್ಟ ಹೆಬ್ಬೆರಳನ್ನು ಮೂರು ನಾಲ್ಕು ಸೆಕೆಂಡು ಒತ್ತಿ, ಮೊದಲ ಎರಡು ಸೆಕ್ಷನ್‌ಗಳನ್ನು ಬಿಟ್ಟು, ಮೂರನೆಯದನ್ನು ಹಿಡಿಯಬೇಕು. ಒತ್ತುವ ಮುನ್ನ ಚಕ್ರವನ್ನು ಲಾಕ್ ಮಾಡದ ಹುಡುಗರನ್ನು ನಾನು ಯಂತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಮಳೆಗಾಲದ ಪಾಡು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಬಾಗಿಲು ಸರಿಸಿದ ಪ್ರತಿ ಸಲವೂ ಒಳಕ್ಕೆ ನುಗ್ಗುವ ತೇವ ಹಿತ್ತಾಳೆಯ ಮೇಲೆ ಹಿಮದ ಪುಡಿಯಾಗಿ ಕೂರುತ್ತದೆ. ಆ ಪುಡಿಯ ಮೇಲೆ ಅಂಗಾಂಶವನ್ನಿಟ್ಟರೆ ಬ್ಲಾಕಿನ ಮುಖದಲ್ಲಿ ಕಜ್ಜಿ ಎದ್ದಂತೆ ಕಾಣುತ್ತದೆ. ಕುಳಿಗಳ ಮೇಲೆ ಸದಾ ಮುಚ್ಚಳ, ಕೋಣೆಯಲ್ಲಿ ತೇವ ಹೀರುವ ಯಂತ್ರ, ಬಳಸುವ ಮುನ್ನ ತಣ್ಣನೆಯ ಒಣ ಬ್ರಷ್‌ನಿಂದ ಒಂದು ಸವರು, ಇಷ್ಟರಿಂದ ಅದು ಹಿಡಿತಕ್ಕೆ ಬಂತು. ಸೆಕ್ಷನ್ ಸುರುಳಿ ಸುತ್ತದಂತೆ ತಡೆಯುವ ಆಂಟಿರೋಲ್ ಗಾಜಿನ ಅಂಚಿಗೂ ಇದೇ ಉಪಚಾರ. ಫೆಬ್ರವರಿ, ಮಾರ್ಚ್ ತಿಂಗಳ ಒಣ ಹವೆಯಲ್ಲಿ ಸೆಕ್ಷನ್‌ಗಳು ಸ್ಥಾಯಿ ವಿದ್ಯುತ್ತಿನಿಂದ ಹಾರಿ ಬ್ರಷ್ಷಿಗೆ ಅಂಟುತ್ತವೆ. ಯಂತ್ರದ ಅರ್ಥಿಂಗ್ ಅನ್ನು ಸರಿಪಡಿಸಿದ ಮೇಲೆ ಅದು ಬಹುಮಟ್ಟಿಗೆ ನಿಂತಿತು.

ಬಣ್ಣ ಹಾಕುವುದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಸ್ಲೈಡ್ ಕೋಣೆಯ ತಾಪದಲ್ಲಿರಬೇಕು, ಸೆಕ್ಷನ್ ಹಿಡಿದ ಮರುಕ್ಷಣವೇ 95 ಪ್ರತಿಶತ ಆಲ್ಕೋಹಾಲಿಗೆ ಇಳಿಯಬೇಕು. ಅಲ್ಲಿ ಕೆಲವು ಸೆಕೆಂಡು ತಡವಾದರೂ ಕೋಶಕೇಂದ್ರಗಳು ಊದಿಕೊಂಡು ಮಸುಕಾಗುತ್ತವೆ, ಮೇಡಂ ಅವರ ಮುಖವೂ ಹಾಗೆಯೇ ಆಗುತ್ತದೆ.

ಓಸಿಟಿಯ ಬೆಲೆ ನೋಡಿ ಅದನ್ನೂ ಮನೆಯಲ್ಲೇ ಮಾಡಲು ಹೊರಟೆ. ಪಾಲಿವಿನೈಲ್ ಆಲ್ಕೋಹಾಲ್ ಪುಡಿಯನ್ನು ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕರಗಿಸಿ, ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸಿದರೆ ಆಯಿತೆಂದುಕೊಂಡಿದ್ದೆ. ಗ್ಲೈಕಾಲ್ ಕಡಿಮೆಯಾದರೆ ಬ್ಲಾಕ್ ಸುಣ್ಣದ ಹಾಗೆ ಒಡೆಯುತ್ತದೆ, ಹೆಚ್ಚಾದರೆ ಅಂಟು ಅಂಟಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಹದ ಸಿಕ್ಕಿದ ಮೇಲೆ ಖರ್ಚು ಆರನೆಯ ಒಂದು ಭಾಗಕ್ಕೆ ಇಳಿಯಿತು. ಆದರೆ ಅದನ್ನು ಕಲಿಯುವವರ ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ, ರೋಗಿಯ ಅಂಗಾಂಶಕ್ಕೆ ಕೊಂಡದ್ದೇ ಆಗಬೇಕು. ಅದರ ಪ್ರಮಾಣವೂ ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಇನ್ನೊಂದು ಪ್ರಯೋಗ ಕಾಫಿ ಎಲೆಯದು. ಚಿಕ್ಕಮಗಳೂರಿನ ಬಂಧುಗಳ ತೋಟದಿಂದ ತುಕ್ಕುರೋಗ ಹತ್ತಿದ ಅರೇಬಿಕಾ ಎಲೆಗಳನ್ನು ತಂದು ಅದೇ ಕುಳಿಯಲ್ಲಿ ಹೆಪ್ಪುಗಟ್ಟಿಸಿದೆ. ಸಸ್ಯಕೋಶಗಳಲ್ಲಿ ನೀರು ವಿಪರೀತವಾಗಿರುವುದರಿಂದ ಮೊದಲಿಗೆ ಬರೀ ಚಿಂದಿ ಬಂತು. ತುಂಡುಗಳನ್ನು ರಾತ್ರಿಯಿಡೀ ಸಕ್ಕರೆ ದ್ರಾವಣದಲ್ಲಿ ನೆನೆಸಿ, ಮೂವತ್ತು ಮೈಕ್ರಾನಿಗೆ ಏರಿಸಿದಾಗ, ಎಲೆಯ ಅಡಿಯ ಪತ್ರರಂಧ್ರಗಳಿಂದ ಕಿತ್ತಳೆ ಬಣ್ಣದ ಬೀಜಕಗಳು ಗೊಂಚಲು ಗೊಂಚಲಾಗಿ ಹೊರಬಂದಿರುವುದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣಿಸಿತು. ಇದರಿಂದ ಪ್ರಯೋಗಾಲಯಕ್ಕೆ ಬಿಡಿಗಾಸಿನ ಲಾಭವಿಲ್ಲ, ಆದರೆ ಆ ಸ್ಲೈಡನ್ನು ಇನ್ನೂ ತೊಳೆದಿಲ್ಲ.

ಹಿತ್ತಾಳೆಗೆ ಆಗದ ಕೆಲಸವೆಂದರೆ ಮಾಂಸಖಂಡದ ಬಯಾಪ್ಸಿ. ಅದರಲ್ಲಿ ಹರಳಿನ ಸಣ್ಣ ತೂತೂ ರೋಗಲಕ್ಷಣದ ಹಾಗೆ ಕಾಣುವುದರಿಂದ, ಸಾರಜನಕದಲ್ಲಿ ತಣಿಸಿದ ಐಸೋಪೆಂಟೇನಿಗೆ ಬದಲಿಲ್ಲ; ಅಂಥವನ್ನು ಬೆಂಗಳೂರಿಗೇ ಕಳುಹಿಸುತ್ತೇವೆ. ಕ್ಷಯದ ಅನುಮಾನವಿರುವ ತುಂಡುಗಳನ್ನು ನಮ್ಮ ಯಂತ್ರಕ್ಕೆ ಏರಿಸುವುದೇ ಇಲ್ಲ.

ಬ್ಲೇಡು, ಓಸಿಟಿ, ಕರೆಂಟು ಎಲ್ಲ ಸೇರಿ ಈಗ ಒಂದು ಕೇಸಿಗೆ ನಮಗೆ ಬೀಳುವ ಖರ್ಚು ನಾನೂರು ರೂಪಾಯಿಯ ಹತ್ತಿರ. ಸಾರಜನಕದ ಕಾಲದಲ್ಲಿ ಅದು ಸಾವಿರ ದಾಟುತ್ತಿತ್ತು. ಬಿಡಿಭಾಗದ ಅಂದಾಜು ಪಟ್ಟಿ ಕೊಟ್ಟಿದ್ದ ಇಂಜಿನಿಯರ್ ಹೋದ ವರ್ಷ ಸರ್ವಿಸಿಗೆ ಬಂದವರು ಗಟ್ಟಿಯ ಫೋಟೋ ತೆಗೆದುಕೊಂಡು ಹೋದರು. ಚಿಕ್ಕಮಗಳೂರಿನ ಗೆಳೆಯರೊಬ್ಬರ ಪ್ರಯೋಗಾಲಯಕ್ಕಾಗಿ ಈಗ ಇನ್ನೊಂದನ್ನು ಕೊರೆಸುತ್ತಿದ್ದೇನೆ. ಅವರ ಯಂತ್ರದ ಚಕ್ ಅಗಲವಾಗಿರುವುದರಿಂದ 30 ಮಿಲಿಮೀಟರಿನ ಕುಳಿಗಳನ್ನೇ ಹೆಚ್ಚಿಟ್ಟು, ಗೋಡೆಯ ಓರೆಯನ್ನು ನಮ್ಮದಕ್ಕಿಂತ ಎರಡು ಡಿಗ್ರಿ ಹೆಚ್ಚು ಮಾಡಲು ಯಜಮಾನರಿಗೆ ಹೇಳಿದ್ದೇನೆ.